ಮೂರು ಗಂಟೆಯ ಎಚ್ಚರಿಕೆ

ಇಡೀ ಡೆನ್ಮಾರ್ಕ್‌ನಲ್ಲಿ ನನ್ನಷ್ಟು ದೊಡ್ಡ ಸಂಸಾರದ ಯಜಮಾನ ಇನ್ನೊಬ್ಬನಿಲ್ಲ. ಚೀಸ್ ಕಾರ್ಖಾನೆಯ ಹಿಂದಿರುವ ಉಕ್ಕಿನ ತೊಟ್ಟಿಯೊಳಗೆ ನನ್ನ ಮಕ್ಕಳಿದ್ದಾರೆ. ಅವರ ಮುಂದೆ ಆಕಾಶದ ನಕ್ಷತ್ರಗಳು ಒಂದು ಹಿಡಿ ಸಾಸಿವೆ. ಚೀಸ್ ಮಾಡಿದ ಮೇಲೆ ಉಳಿಯುವ, ಯಾರಿಗೂ ಬೇಡದ ಹಾಲೊಡಕಿನ ನೀರು ಕುಡಿದು, ಬಸ್ಸಿಗೆ ಹಾಕುವ ಎಥನಾಲ್ ಕೊಡುವಂತೆ ಈ ಬ್ಯಾಕ್ಟೀರಿಯಾಗಳ ವಂಶವನ್ನೇ ಆರ್ಹುಸ್ ನಗರದ ವಿಜ್ಞಾನಿಗಳು ತಿದ್ದಿದ್ದಾರೆ. ತಿದ್ದಿದವರು ಅವರು, ಸಾಕಿದವನು ಎಸ್ಕಿಲ್, ಅಂದರೆ ನಾನು. ಮೊದಮೊದಲು ಉಪ್ಪು ಹಾಲೊಡಕಿಗೆ ಮುಖ ಸಿಂಡರಿಸುತ್ತಿದ್ದವರು ಹದಿನಾಲ್ಕು ತಿಂಗಳಲ್ಲಿ ಅದನ್ನೇ ಚಪ್ಪರಿಸತೊಡಗಿದರು. ನಾನು ಸಿಳ್ಳೆ ಹಾಕಿದರೆ ಗುಳ್ಳೆ ಎಬ್ಬಿಸುತ್ತಾರೆ. ನಂಬದಿದ್ದರೆ ಬಿಡಿ.

ಇಷ್ಟೆಲ್ಲ ಕೊಚ್ಚಿಕೊಳ್ಳಲು ನನಗೆ ತೊಟ್ಟಿಯೊಂದೇ ಗತಿ. ನಮ್ಮ ಯುಲ್ಲಂಡ್ ಸೀಮೆಯಲ್ಲಿ ಜಂಬ ಕೊಚ್ಚುವುದೆಂದರೆ ಊಟದ ಮೇಜಿನ ಮೇಲೆ ಉಗುಳಿದಂತೆ. ಮದುಮಗಳು ಸೂರ್ಯನಂತೆ ಹೊಳೆಯುತ್ತಿದ್ದರೂ ಇಲ್ಲಿಯವರ ಬಾಯಿಂದ ಬರುವ ಅತಿದೊಡ್ಡ ಹೊಗಳಿಕೆ ‘ಪರವಾಗಿಲ್ಲ’. ಅಷ್ಟನ್ನಾದರೂ ಹೇಳಲು ಮೊದಲು ಜೊತೆ ಕೆಲಸದವರು ಮೂವರಿದ್ದರು. ತೊಟ್ಟಿಯ ಮೇಲೆ ನಿಗಾ ಇಡುವ ಕೆಲಸ ಆರ್ಹುಸ್‌ನ ಕಂಪ್ಯೂಟರ್ ಪರದೆಗೆ ಹೋದ ಮೇಲೆ ಅವರೂ ಹೋದರು. ಮೂರು ಗಂಟೆಯ ಕಾಫಿಗೆ ಈಗ ಕುರ್ಚಿ ನಾಲ್ಕು, ಲೋಟ ಒಂದು.

ತೊಟ್ಟಿಯಲ್ಲಿ ಏರುಪೇರಾದರೆ ಮಾತ್ರ ಆರ್ಹುಸ್‌ನಿಂದ ಸಿಸ್ಸೆಲ್ ಫೋನ್ ಮಾಡುತ್ತಾಳೆ. ಪರದೆ ನೋಡುವವಳು, ನನ್ನದೇ ಓರಗೆಯವಳು. ಒಮ್ಮೆ ಹುಳಿ ಅಳೆಯುವ ಕಡ್ಡಿಯ ತಂತಿ ತಾನಾಗಿ ಸಡಿಲವಾಗಿ ಅವಳ ಪರದೆ ಕೆಂಪಾಯಿತು. ಐದೇ ನಿಮಿಷದಲ್ಲಿ ಫೋನ್ ಬಂತು. ತಂತಿ ಬಿಗಿ ಮಾಡಲು ಒಂದು ನಿಮಿಷ, ಮಾತಿಗೆ ಇಪ್ಪತ್ತು. ಅವಳ ಮೊಣಕಾಲು ನೋವು, ನನ್ನ ಮುತ್ತಜ್ಜ ತಿಮಿಂಗಿಲವನ್ನು ಬಾಲ ಹಿಡಿದು ದಡಕ್ಕೆಳೆದದ್ದು. ಅವಳ ನಗುವಿಗೆ ತೊಟ್ಟಿಯೇ ಅರ್ಧ ಡಿಗ್ರಿ ಬಿಸಿಯಾಯಿತು.

ಆಮೇಲೆ ಆ ತಂತಿಗೆ ವಾರಕ್ಕೆರಡು ಸಲ ಸಡಿಲವಾಗುವ ಚಟ ಹತ್ತಿತು, ಸರಿಯಾಗಿ ಕಾಫಿಯ ಹೊತ್ತಿಗೆ. ತಂತಿಗೆ ಕೈಯಿಲ್ಲ. ನನಗಿದೆ.

“ಮೊದಲ ಸಲ ತಿಮಿಂಗಿಲ ದೋಣಿಯಷ್ಟಿತ್ತಲ್ಲೋ, ಈಗ ಚರ್ಚಿನಷ್ಟಾಯ್ತಾ?” ಎನ್ನುತ್ತಿದ್ದಳು.

“ಬೆಳೆಯೋ ವಯಸ್ಸು ಕಣೇ.”

ಒಂದು ಮಂಗಳವಾರ ಬೆಳಿಗ್ಗೆಯೇ ಫೋನ್ ಬಂತು. ನಾನು ತಂತಿ ಮುಟ್ಟಿರಲಿಲ್ಲ. ಅವಳ ದನಿಯಲ್ಲಿ ನಗುವೂ ಇರಲಿಲ್ಲ. ಹುಳಿ ಪದೇ ಪದೇ ಏರಿಳಿಯುವುದನ್ನು ನೋಡಿ, ಬ್ಯಾಕ್ಟೀರಿಯಾ ಕೆಟ್ಟಿವೆ ಎಂದು ಮೇಲಿನವರು ತೀರ್ಮಾನಿಸಿದ್ದರು. ಮಧ್ಯಾಹ್ನ ತೊಟ್ಟಿಯನ್ನು ಹಬೆಯಿಂದ ಎಂಬತ್ತು ಡಿಗ್ರಿಗೆ ಕಾಯಿಸಿ ಎಲ್ಲವನ್ನೂ ಕೊಂದು, ಬೇರೆಯವನ್ನು ಬಿಡಬೇಕಂತೆ.

“ಹಬೆ ನೀನೇ ಬಿಡಬೇಕು, ಎಸ್ಕಿಲ್.”

ಏಳು ಸುಳ್ಳುಗಳು ನಾಲಿಗೆಯ ಮೇಲೆ ಸಾಲಾಗಿ ನಿಂತವು. ಇಲಿ ತಂತಿ ಕಡಿಯಿತು ಅನ್ನಲೇ? ಇಲಿಯಿದೆ ಎಂದರೆ ಮಧ್ಯಾಹ್ನದವರೆಗೂ ಕಾಯದೆ ಈಗಲೇ ಬೇಯಿಸಿಬಿಡುತ್ತಾರೆ.

“ಅವರು ಚೆನ್ನಾಗೇ ಇದಾರೆ. ತಂತಿ ಸಡಿಲ ಮಾಡ್ತಿದ್ದದ್ದು ನಾನು.”

“ಯಾಕೆ?”

“ಫೋನ್ ಬರ್ಲಿ ಅಂತ.”

ಹುಟ್ಟಿದಾಗಿನಿಂದ ನಾನಾಡಿದ ಅತಿ ಚಿಕ್ಕ ಮಾತು ಅದು. ಅವಳು, ಕಾಯಿಸುವುದನ್ನು ತಡೆಯುತ್ತೇನೆ, ಪರೀಕ್ಷೆಗೆ ಒಂದು ಸೀಸೆ ತುಂಬಿ ಕಳಿಸು ಎಂದಳು. ಕಳಿಸಿದೆ. ಮರುದಿನ ಅವಳ ಸಂದೇಶ ಬಂತು. ಒಂದೇ ಪದ: ಪರವಾಗಿಲ್ಲ.

ಗುರುವಾರ ಮೆಕ್ಯಾನಿಕ್ ಬಂದು ತಂತಿಯ ಮೇಲೆ ಉಕ್ಕಿನ ಡಬ್ಬಿ ಕೂರಿಸಿ ಬೀಗ ಹಾಕಿದ. ಕಾಫಿಗೆ ಕರೆದೆ, ಇನ್ನೂ ಎರಡು ಕಡೆ ಹೋಗಬೇಕಂತೆ. ಮೂರು ಗಂಟೆಗೆ ಆರ್ಹುಸ್‌ನ ಪರದೆಯೆಲ್ಲ ಹಸಿರಾಗಿದ್ದಿರಬೇಕು, ಫೋನ್ ಬರಲಿಲ್ಲ. ನನ್ನ ಮಕ್ಕಳಷ್ಟು ಗಟ್ಟಿಮುಟ್ಟಾದವರು ಈ ಭೂಮಿಯ ಮೇಲಿಲ್ಲ. ಲೋಟ ಹಿಡಿದು ತೊಟ್ಟಿಯ ಪಕ್ಕ ಕೂತು, ಮುತ್ತಜ್ಜನ ಕಥೆಯನ್ನು ಅವರಿಗೆ ಮೊದಲಿನಿಂದ ಹೇಳಿದೆ. ಈ ಸಲ ತಿಮಿಂಗಿಲ ಎರಡಿದ್ದವು.