ಕುತ್ತಿಗೆಗೆ ಐಸ್ ಪಟ್ಟಿ

ನೋಡಿ ಸ್ವಾಮಿ, ಬಿಸಿಲು ಕಂಡರೆ ಛತ್ರಿ ಬಿಚ್ಚುವವರು, ಮರದ ನೆರಳು ಹುಡುಕುವವರು, ಫ್ಯಾನಿನ ಕೆಳಗೆ ಅಂಗಾತ ಬೀಳುವವರು ಕೊಂಚ ದೂರ ಕೂತು ಈ ಕಥೆ ಕೇಳಿ. ಯಾಕೆಂದರೆ ಬರುತ್ತಿರುವವನು ನಮ್ಮ ಐಸ್. ಅವನು ರಸ್ತೆಗಿಳಿದರೆ ಸೂರ್ಯನೇ ಮೋಡದ ಮರೆಗೆ ಹೋಗಿ ಬೆವರು ಒರೆಸಿಕೊಳ್ಳುತ್ತಿದ್ದ. ಡಾಂಬರು ಕರಗುವ ಮಧ್ಯಾಹ್ನದ ಓಟದಲ್ಲಿ, ಗೆಲುವು ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ, ಅದನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎಸೆದು, ಬಿದ್ದ ಭಾವನನ್ನು ಹೊತ್ತುಕೊಂಡ ಗಂಡು ಇವನು. ಇಂಥವನು ನಿಮ್ಮ ಬೀದಿಯಲ್ಲಿದ್ದರೆ ತೋರಿಸಿ, ಮೀಸೆ ಬೋಳಿಸಿಕೊಳ್ಳುತ್ತೇನೆ. ಮೀಸೆ ಇನ್ನೂ ಸರಿಯಾಗಿ ಮೊಳೆತಿಲ್ಲ, ಅದು ಬೇರೆ ಮಾತು.

ಐಸ್ ಎನ್ನುವ ಹೆಸರು ಸುಮ್ಮನೆ ಬಂದಿದ್ದಲ್ಲ. ಅವನು ಐಸ್ ಫ್ಯಾಕ್ಟರಿಯಲ್ಲಿ ಆಳೆತ್ತರದ ಗಡ್ಡೆಗಳನ್ನು ಕೊಕ್ಕೆ ಹಾಕಿ ಎಳೆದು ಲಾರಿಗೆ ತುಂಬುತ್ತಿದ್ದ. ಬೆರಳುಗಳು ಸದಾ ಊದಿಕೊಂಡು, ಉಗುರು ನೀಲಿಗಟ್ಟಿ, ರಾತ್ರಿ ಅಂಗಿಯ ಗುಂಡಿ ಬಿಚ್ಚುವುದಕ್ಕೂ ಒದ್ದಾಟ. ಅದೇ ಮನೆಯಲ್ಲಿದ್ದ ಅವನ ಭಾವ, ಅಂದರೆ ಅಕ್ಕನ ಗಂಡ, ಬೇಕರಿಯ ಒಲೆಯ ಮುಂದೆ ಬ್ರೆಡ್ ಸುಡುವವನು. ಹಿಟ್ಟಿನ ಧೂಳು ಎದೆಗೆ ಕೂತು ಮಾತಿಗೊಮ್ಮೆ ಕೆಮ್ಮುತ್ತಿದ್ದ. ಒಬ್ಬ ಮರಗಟ್ಟುತ್ತಿದ್ದ, ಇನ್ನೊಬ್ಬ ಬೇಯುತ್ತಿದ್ದ. ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುತ್ತ ಅಕ್ಕ ಇಬ್ಬರನ್ನೂ ಸಾಕುತ್ತಿದ್ದಳು.

ಇಬ್ಬರ ಕಣ್ಣೂ ಇದ್ದದ್ದು ಅಗ್ನಿಶಾಮಕ ಠಾಣೆಯ ಮೇಲೆ. ಪ್ರತಿ ಬೇಸಿಗೆ ಠಾಣೆಯವರು ಹತ್ತು ಕಿಲೋಮೀಟರ್ ಓಟ ಇಟ್ಟು, ಓಡಿದವರಲ್ಲಿ ಒಬ್ಬನಿಗೆ ಕೆಲಸ ಕೊಡುತ್ತಿದ್ದರು. ಕೊನೆಯ ಮಾತು ಅಧಿಕಾರಿಯದೇ ಆದರೂ ಅಲ್ಲಿಯವರೆಗೆ ಮೊದಲು ಬಂದವನಿಗೇ ಕೆಲಸ ಸಿಕ್ಕಿತ್ತು. ಓಟ ನಡುಮಧ್ಯಾಹ್ನ. ಬೆಂಕಿ ತಂಪು ಹೊತ್ತು ನೋಡಿಕೊಂಡು ಹತ್ತುತ್ತದೆಯೇ ಎಂಬುದು ಅವರ ವಾದ. ಐಸ್‌ಗೆ ಇನ್ನೂ ಹತ್ತಾರು ಬೇಸಿಗೆ ಬಾಕಿ ಇತ್ತು. ಭಾವನಿಗೆ ಇದೇ ಕೊನೆ. ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು.

ಇಬ್ಬರಿಗೂ ಹೇಳಿಕೊಡುತ್ತಿದ್ದವರು ಠಾಣೆಯಿಂದ ನಿವೃತ್ತರಾದ ಡ್ರಿಲ್ ಮಾಸ್ತರು.

"ಬಿಸಿಲಲ್ಲೇ ಓಡ್ರಪ್ಪ. ಮೊದಲು ಸ್ವಲ್ಪ, ದಿನಾ ಸ್ವಲ್ಪ ಜಾಸ್ತಿ. ಬೆವರೋದನ್ನ ಮೈ ಕಲೀಬೇಕು. ಓಟದ ದಿನ ಅರ್ಧ ದಾರಿ ತನಕ ಜೋರು ಮಾಡದೆ ಓಡಿ. ತಲೆಗೆ ನೀರು ಸುರ್ಕೊಳ್ಳಿ, ನೆರಳು ಸಿಕ್ಕ ಕಡೆ ನೆರಳಿಗೆ ಸರೀರಿ."

ಭಾವ ತಲೆಯಾಡಿಸಿ, ಒಲೆಯ ಕೆಲಸ ಮುಗಿದ ಮೇಲೆ ಸುಡು ಬಿಸಿಲಿಗೆ ಹೊರಡುತ್ತಿದ್ದ. ವಾಪಸ್ ಬಂದಾಗ ಅಂಗಿ ಹಿಂಡಿದರೆ ಚೊಂಬು ತುಂಬುವಂತಿತ್ತು. ಐಸ್ ಮಾತ್ರ ಕೋಳಿ ಕೂಗುವ ಹೊತ್ತಿಗೆ ಓಡಿ ಮುಗಿಸಿ, ಬಿಸಿಲೇರುವಷ್ಟರಲ್ಲಿ ಫ್ಯಾಕ್ಟರಿಯ ತಣ್ಣನೆ ಗೋದಾಮಿನಲ್ಲಿ ಗಡ್ಡೆಯ ಮೇಲೆ ಗೋಣಿ ಹಾಸಿ ಮಹಾರಾಜನಂತೆ ಕೂರುತ್ತಿದ್ದ.

"ಬಿಸಿಲು ಊರಿಗೆಲ್ಲ ಹೀರೋ ಇರಬಹುದು ಭಾವ. ನನ್ನ ಮುಂದೆ ಸೈಡ್ ಆ್ಯಕ್ಟರ್," ಎಂದ ಒಂದು ದಿನ.

"ಲೋ, ಸೈಡ್ ಆ್ಯಕ್ಟರ್ ಕೈಲಿ ಒದೆ ತಿಂದು ಬರಬೇಡ ಕಣೋ," ಎಂದು ಭಾವ ಕೆಮ್ಮುತ್ತಲೇ ನಕ್ಕ.

"ನಂಗೆ ಬಿಸಿಲು ಅಭ್ಯಾಸ ಬೇಡ. ಬಿಸಿಲಿಗೇ ನಾನು ಅಭ್ಯಾಸ ಆಗ್ಬೇಕು!"

"ಅಯ್ಯೋ ನಿನ್ನ ಬಾಯಿಗಿಷ್ಟು," ಎಂದಳು ಅಕ್ಕ ಇಸ್ತ್ರಿ ಪೆಟ್ಟಿಗೆ ಕುಕ್ಕುತ್ತ. "ಬಾಯಿಗೊಂದು ಜೊತೆ ಬೂಟು ಹಾಕಿದ್ರೆ ಅದೇ ಮೊದಲು ಬರುತ್ತೆ."

ಐಸ್‌ನ ಗುಟ್ಟಿನ ಅಸ್ತ್ರ ಬೇರೆಯೇ ಇತ್ತು. ಅಕ್ಕನ ಹಳೆ ಸೀರೆ ಹರಿದು ಉದ್ದದ ಚೀಲ ಹೊಲಿದು, ಅದರೊಳಗೆ ಪುಡಿ ಐಸ್ ತುಂಬಿ ಕುತ್ತಿಗೆಗೆ ಕಟ್ಟಿಕೊಂಡಿದ್ದ. ಮಾಸ್ತರು ನೋಡಿ ಮುಖ ಸಿಂಡರಿಸಿದರು.

"ಕಟ್ಕೋ, ಬೇಡ ಅನ್ನಲ್ಲ. ಆದ್ರೆ ಕುತ್ತಿಗೆ ತಂಪಾದ್ರೆ ತಲೆ ಮೋಸಹೋಗುತ್ತೆ. ಒಳಗಿನ ಒಲೆ ಉರೀತಾನೇ ಇರುತ್ತೆ, ನಿಂಗೆ ಗೊತ್ತಾಗಲ್ಲ. ಅದನ್ನ ನಂಬ್ಕೊಂಡು ಜೋರಾಗಿ ಓಡ್ಬೇಡ."

"ಮಾಸ್ತರೇ, ಈ ಕುತ್ತಿಗೆ ಬಗ್ಗಿದ್ದೇ ಇಲ್ಲ, ಇನ್ನು ಮೋಸ ಮಾಡುತ್ತಾ?"

ಓಟದ ದಿನ ಗಾಳಿಯೂ ಒಲೆಯ ಬಾಯಿಂದ ಬಂದ ಹಾಗಿತ್ತು. ಸೀಟಿ ಊದಿದ್ದೇ ತಡ, ಐಸ್ ಬಿಲ್ಲಿನಿಂದ ಬಿಟ್ಟ ಬಾಣ. ಹಿಂದಿನವರು ಧೂಳಿನಲ್ಲಿ ಚುಕ್ಕೆಗಳಾದರು. ಆಮೇಲೆ ನಡೆದದ್ದನ್ನು ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿತ್ತು. ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿದರೆ ಭಾವ ರಸ್ತೆಯಲ್ಲಿ ಬಿದ್ದಿದ್ದ. ಮುಂದೆ ಗೆಲುವು, ಹಿಂದೆ ಅಕ್ಕನ ತಾಳಿ. ಐಸ್ ಹಿಂದಕ್ಕೆ ಓಡಿದ. ಭಾವನನ್ನು ಬೆನ್ನಿಗೆ ಹಾಕಿಕೊಂಡು, ಮುಚ್ಚಿದ್ದ ಪಂಕ್ಚರ್ ಅಂಗಡಿಯ ಮುಂದೆ ಟ್ಯೂಬ್ ಮುಳುಗಿಸುವ ನೀರಿನ ತೊಟ್ಟಿಗೆ ತಂದು ಬದುಕಿಸಿದ. ಅಷ್ಟರಲ್ಲಿ ಮೂರನೆಯವನ್ಯಾರೋ ಓಡಿಹೋಗಿ ಕಪ್ ಎತ್ತಿದ. ಠಾಣೆಯ ಅಧಿಕಾರಿ ಮೈಕಿನಲ್ಲೇ ಹೇಳಿದರು: "ಮೊದಲು ಬರೋರು ಪ್ರತಿ ವರ್ಷ ಸಿಗ್ತಾರೆ. ಓಟ ಬಿಟ್ಟು ಮನುಷ್ಯನ್ನ ಎತ್ತೋನು ನಮಗೆ ಬೇಕು. ಕೆಲಸ ಇವನಿಗೇ." ಜನ ಶಿಳ್ಳೆ ಹೊಡೆದರು. ಐಸ್ ಮೈಕ್ ಹಿಡಿದು, "ಕಪ್ ಅಂಗಡೀಲಿ ಸಿಗುತ್ತೆ ಸಾರ್, ಭಾವ ಸಿಗಲ್ಲ!" ಎಂದ. ಮತ್ತೆ ಶಿಳ್ಳೆ.

ಚೆನ್ನಾಗಿದೆಯಲ್ಲ? ಇಲ್ಲಿಗೇ ಪರದೆ ಇಳಿಸಬಹುದಿತ್ತು. ಆದರೆ ನಡೆದದ್ದು ಹಾಗಲ್ಲ.

ರಸ್ತೆಯಲ್ಲಿ ಬಿದ್ದವನು ಐಸ್. ಕುತ್ತಿಗೆ ತಣ್ಣಗಿತ್ತು, ಹಾಗಾಗಿ ಮೈಯೂ ತಣ್ಣಗಿದೆ ಎಂದುಕೊಂಡು ಅವನು ಒಂದೇ ಉಸಿರಿಗೆ ಓಡಿದ್ದ. ಆ ಬಿಸಿಲಲ್ಲಿ ಅವನಿಗೆ ಚಳಿ ಶುರುವಾಯಿತು. ಮೈಮೇಲೆ ಮುಳ್ಳೆದ್ದವು. ಭಲೇ, ಪಟ್ಟಿ ಕೆಲಸ ಮಾಡುತ್ತಿದೆ ಎಂದು ಇನ್ನೂ ಜೋರು ಮಾಡಿದ. ಕಾಲುಗಳು ಬೇರೆ ಯಾರದೋ ಆದವು, ರಸ್ತೆ ಎದ್ದು ಬಂದು ಮುಖಕ್ಕೆ ಹೊಡೆಯಿತು.

ಎರಡನೆಯವನಾಗಿ ಬರುತ್ತಿದ್ದವನು ಭಾವ. ಉಳಿದವರು ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಮಾಸ್ತರು ಹೇಳಿದ ಹಾಗೆ ಅರ್ಧ ದಾರಿ ಜೋರು ಮಾಡದೆ ಓಡಿ, ಈಗ ತಾನೇ ಕಾಲು ಬಿಚ್ಚಿದ್ದ. ಮುಂದೆ ಖಾಲಿ ರಸ್ತೆ. ಅವನು ಐಸ್‌ನನ್ನು ದಾಟಿ ಸ್ವಲ್ಪ ದೂರ ಹೋದ ಕೂಡ. ನಂತರ ನಿಂತ. ಬಾಯಿಗೆ ಬಂದ ಹಾಗೆ ಬೈಯುತ್ತ ವಾಪಸ್ ಬಂದು, ಭಾಮೈದನನ್ನು ಬೆನ್ನಿಗೇರಿಸಿ, ತೊಟ್ಟಿಯೊಳಗೆ ಕೂರಿಸಿ ತಲೆಗೆ ನೀರು ಸುರಿದ, ಸುರಿಯುತ್ತಲೇ ಇದ್ದ. ಐಸ್ ಕಣ್ಣು ಬಿಟ್ಟಿದ್ದನ್ನು ನೋಡಿದ ಮೇಲೆ ತಾನು ಉಸಿರು ಕಟ್ಟಿ ಕೆಮ್ಮುತ್ತ ನೆಲಕ್ಕೆ ಒರಗಿದ.

ಠಾಣೆಯ ಜೀಪು ಬಂದಾಗ ಕಂಡದ್ದು ಇಷ್ಟೇ: ತೊಟ್ಟಿಯಿಂದ ಎದ್ದು ದಂಡೆಯ ಮೇಲೆ ಕೂತ ಐಸ್, ಕೆಳಗೆ ಉದ್ದಕ್ಕೆ ಮಲಗಿದ ಭಾವ.

"ನೀನೇ ಏನೋ ಇವನನ್ನ ಎತ್ಕೊಂಡು ಬಂದಿದ್ದು?" ಎಂದು ಅಧಿಕಾರಿ ಐಸ್‌ನನ್ನು ಕೇಳಿದರು.

ಐಸ್ ತಲೆಯಾಡಿಸಿದ. ಅಷ್ಟೇ. ಭಾವನ ಕಣ್ಣು ತೆರೆದೇ ಇತ್ತು.

ಆಸ್ಪತ್ರೆಯಲ್ಲಿ ಭಾವನ ತೋಳಿಗೆ ಗ್ಲೂಕೋಸ್ ಹನಿಯುತ್ತಿದ್ದಾಗ, ಕೆಲಸ ತನ್ನದೆಂದು ಮೈಕಿನಲ್ಲಿ ಕೇಳಿಸಿಕೊಂಡು ಬಂದ ಐಸ್ ಮಂಚದ ಅಂಚಿಗೆ ಕೂತ.

"ಭಾವ, ಅದು... ಬಾಯಿ ತಪ್ಪಿ..."

"ಬಾಯಿ ಎಲ್ಲೋ ತೆಗೆದೆ? ತಲೆ ತಾನೇ ಆಡಿಸಿದ್ದು?"

"ನೀವೇ ಹೇಳ್ಬಿಡಿ ಭಾವ. ನಾನು ಬೇಜಾರು ಮಾಡ್ಕೊಳಲ್ಲ."

ಭಾವ ನಗಲು ಹೋಗಿ ಕೆಮ್ಮಿದ. "ನಾನು ಹೇಳಿದ್ರೆ ಸೋತವನ ಹೊಟ್ಟೆಕಿಚ್ಚು ಅಂತಾರೆ. ಹೇಳೋ ಬಾಯಿ ನಿಂದು. ನಾಳೆ ಬೆಳಿಗ್ಗೆ ಕೆಲಸಕ್ಕೆ ಸೇರೋ ತನಕ ಟೈಮಿದೆ, ಹೋಗು."

ಬೆಳಿಗ್ಗೆ ಐಸ್ ಠಾಣೆಗೆ ಹೋದ. ಹೇಳಬೇಕೆಂದೇ ಹೋದ. ಅಧಿಕಾರಿ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದರು. ಟೈಲರ್ ಟೇಪು ಹಿಡಿದು ನಿಂತಿದ್ದ. ಎದೆ ಅಳೆಯುವಾಗ ಐಸ್ ಅದನ್ನು ಉಬ್ಬಿಸಿ ನಿಂತ.

ಅಕ್ಕ ಓಟ ಮುಗಿಯುವ ಗೆರೆಯ ಹತ್ತಿರ ನೀರಿನ ಬಕೆಟ್ ಹಿಡಿದು ಕಾದಿದ್ದಳೇ ಹೊರತು ಏನನ್ನೂ ನೋಡಿರಲಿಲ್ಲ. ಆದರೆ ಗಂಡ ಮನೆಗೆ ಬಂದ ದಿನ ಬೆನ್ನಿಗೆ ಎಣ್ಣೆ ಹಚ್ಚುವಾಗ ಅವಳ ಕೈ ನಿಂತಿತು. ಎರಡು ಭುಜದ ನಡುವೆ ನಾಲ್ಕು ಗೀರುಗಳು, ಚೌಕಕ್ಕೆ ನಾಲ್ಕು ಮೂಲೆ ಇದ್ದ ಹಾಗೆ. ಓಟದ ಬೆಳಿಗ್ಗೆ ತಮ್ಮನ ಎದೆಗೆ ನಂಬರಿನ ಚೀಟಿಯನ್ನು ನಾಲ್ಕು ಪಿನ್ನು ಚುಚ್ಚಿ ಸಿಕ್ಕಿಸಿದ್ದು ಅವಳೇ. ಹೊರಿಸಿಕೊಂಡವನ ಎದೆಯ ಪಿನ್ನು ಹೊತ್ತವನ ಬೆನ್ನನ್ನೇ ಗೀರುತ್ತದೆ.

ಈಗ ದಿನಾ ಬೆಳಿಗ್ಗೆ ಐಸ್‌ನ ಖಾಕಿಗೆ ಅವಳೇ ಇಸ್ತ್ರಿ ಹಾಕುತ್ತಾಳೆ. ಮಡಿಕೆ ಕತ್ತಿಯಂತಿರುತ್ತದೆ.

"ತಗೊಳ್ಳಿ ಸಾರ್," ಎನ್ನುತ್ತಾಳೆ.

"ಅಕ್ಕ, ತಮ್ಮ ಅಂತ ಕರಿಯೇ," ಎಂದು ಐಸ್ ಒಮ್ಮೆ ಬೇಡಿಕೊಂಡ.

"ಬಿಸಿ ಇದೆ, ಹುಷಾರಾಗಿ ಹಾಕ್ಕೊಳ್ಳಿ ಸಾರ್," ಎಂದು ಅವಳು ಮುಂದಿನ ಬಟ್ಟೆ ಎಳೆದುಕೊಂಡಳು. ಭಾವ ಆಗಲೇ ಬೇಕರಿಯ ಒಲೆ ಹಚ್ಚಲು ಹೋಗಿದ್ದ.