ಬಾಗಿಲ ಸಂದಿಯಲ್ಲಿ ಮಾವ ಅಳಿಯ

"ಢಣ್... ಢಣ್... ಢಣಾರ್! ಮೂರನೇ ಬೆಲ್ಲೂ ಆಯ್ತು ಕಣೇ. ಈ ಕಡೆ ಮಗ್ಗುಲಾಗು."

ಬೆಲ್ಲು ಬಂದದ್ದು ನಟನ ಬಾಯಿಂದಲೇ. ಊರಿಗೆ ಊರೇ ಬಾಗಿಲು ಜಡಿದುಕೊಂಡಿದ್ದ ಸೋಂಕಿನ ದಿನಗಳು. ಕೋಣೆಯ ಒಳಗೆ ನೆಲದ ಹಾಸಿಗೆಯಲ್ಲಿ ಜ್ವರದ ಹೆಂಡತಿ, ಹೊರಗೆ ಇವನು. ಗೆದ್ದಲು ಹಿಡಿದ ಬಾಗಿಲಿನ ಬುಡವನ್ನು ಬಡಗಿ ಕೊಯ್ದಿದ್ದರಿಂದ ಕೆಳಗೆ ಅಂಗೈಯಗಲದ ಸಂದಿ. ಅದೇ ರಂಗಮಂಚ. ಬೆಳಕಿಗೆ ಟೇಬಲ್ ಲ್ಯಾಂಪು.

"ಕಾಲ ಕೆಟ್ಟಿದೆ ನಿಜ, ಕಾಲು ಕೆಟ್ಟಿಲ್ವಲ್ಲ! ಬೂಟಿನ ಎಡಗಾಲು ಮಾವ. ಬರಿಯ ಬಲಗಾಲು, ಹೆಣ್ಣು ಕೇಳೋಕೆ ಬಂದ ಅಳಿಯ."

ನಿನ್ನೆಯಿಂದ ಅವಳು ತುತ್ತು ಮುಟ್ಟಿರಲಿಲ್ಲ, ಮಾತೂ ಆಡಿರಲಿಲ್ಲ. ಇವತ್ತೂ ತಿನ್ನದಿದ್ದರೆ ಆಸ್ಪತ್ರೆಗೇ ಸೇರಿಸಬೇಕು ಎಂದಿದ್ದರು ಡಾಕ್ಟರು. ಅಲ್ಲಿ ಜೊತೆಗೆ ಯಾರನ್ನೂ ಬಿಡುತ್ತಿರಲಿಲ್ಲ.

ತಂಡದ ಈ ಹಳೇ ಪ್ರಹಸನಕ್ಕೆ ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ಅವಳೇ. ಪರದೆಯ ಮರೆಯಲ್ಲಿ ಕೂತು ಇವನ ಮರೆವನ್ನು ಕಾದವಳು. ಮಾತು ತಪ್ಪಿದರೆ ಸುಮ್ಮನಿರುವ ಜೀವವಲ್ಲ. ತಿದ್ದಲು ಬಾಯಿ ತೆರೆದರೆ ತುತ್ತಿಗೂ ತೆರೆದಾಳು ಎಂಬುದೇ ಇವನ ಲೆಕ್ಕಾಚಾರ.

ಬೂಟು ಗತ್ತಿನಿಂದ ಗುಡುಗಿತು: "ಏನಪ್ಪಾ, ಕೂತ್ಕೋ!" ಬರಿಗಾಲ ಬೆರಳು ನಾಚಿ ಮುದುಡಿದವು. ನಟ ಬೇಕಂತಲೇ ತಡವರಿಸಿದ. ಮೂರನೇ ಅಂಕದ ಮಾತನ್ನು ತಂದು ಮೊದಲನೆಯದಕ್ಕೆ ತುರುಕಿದ. ಊಹೂಂ.

ಅಷ್ಟರಲ್ಲಿ ಒಳಗೆ ಕೆಮ್ಮು ಶುರುವಾಯಿತು. ಎಳೆದು ಎಳೆದು ಬಂದು ತಟ್ಟನೆ ನಿಂತಿತು. ನಟ ಬಾಗಿಲಿಗೆ ಕಿವಿಯಾನಿಸಿದ. ಅಳಿಯನ ಮಾತು ತಲೆಯಿಂದ ಹಾರಿಹೋಯಿತು, ಹುಡುಕಿದರೂ ಸಿಗಲಿಲ್ಲ. ಎರಡು ಕಾಲೂ ಸುಮ್ಮನೆ ನಿಂತವು.

"ಕುರ್ಚಿ ಬೇಡ ಮಾವ..." ಒಳಗೆ ನೆಲಮಟ್ಟದಿಂದ ಅವಳ ಒಡೆದ ದನಿ ಬಂತು.

"ಹಾಂ?"

"ಕುರ್ಚಿ ಬೇಡ ಮಾವ, ನಿಂತೇ ಇರ್ತೀನಿ. ಆಗಿನಿಂದ ಕಳ್ಳಾಟ ಆಡ್ತಿದ್ರಿ. ಅದಕ್ಕೆಲ್ಲ ನಾನು ಬಾಯಿ ಬಿಡಲ್ಲ. ಈಗ ನಿಜವಾಗ್ಲೂ ಮರೆತ್ರಿ."

"ಹ್ಞೂಂ ಕಣೇ."

"ಊಟ ತಳ್ಳಿ. ಆಟ ನಿಲ್ಲಿಸ್ಬೇಡಿ."

ಮಾವ ಅಳಿಯರ ನಡುವೆ ಕೈಯೊಂದು ಇಳಿದು ತಟ್ಟೆಯನ್ನು ಒಳಕ್ಕೆ ಸರಿಸಿತು.

"ಕುರ್ಚಿ ಬೇಡ ಮಾವ, ನಿಂತೇ ಇರ್ತೀನಿ. ಕೂತ್ರೆ ಪ್ಯಾಂಟು ಹರಿಯುತ್ತೆ..."

ಅಂಕ ಮುಗಿಯಿತು. ಒಳಗೆ ಚಮಚ ನಿಧಾನವಾಗಿ ತಟ್ಟೆಗೆ ತಾಗುತ್ತಿತ್ತು. ಅಳಿಯ ಹೊರಡಲಿಲ್ಲ. ನಾಟಕದಲ್ಲಿಲ್ಲದ ಅತ್ತೆಯ ಆರೋಗ್ಯ ವಿಚಾರಿಸಿದ, ನಾಟಕದಲ್ಲಿಲ್ಲದ ನಾಯಿಯನ್ನು ಹೊಗಳಿದ, ಮತ್ತೆ ಮಾವನ ಬೂಟಿನ ಮೇಲೆ ಕೂತ ಇಲ್ಲದ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತಾ ನಿಂತ.