ಇಲ್ಲದ ತಮ್ಮನ ಕಾರು

ನನಗೆ ತಮ್ಮ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಮೊದಲೇ ಹೇಳದೆ ಹೋದದ್ದರಿಂದಲೇ ಇಷ್ಟೆಲ್ಲ ಆಯಿತು.

ನಾನು ಮೋಟಾರು ಸುತ್ತುವ ಶೆಡ್ಡಿನಲ್ಲಿ ಕೆಲಸ ಮಾಡುತ್ತೇನೆ. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ಇಲ್ಲೇ, ಏಳು ವರ್ಷವಾಯಿತು. ಸುತ್ತು ಎಣಿಸುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಹಾಗಾಗಿ ನಾನು ಮಾತಾಡುವುದಿಲ್ಲ. ಎಣಿಸದೆ ಇರುವಾಗಲೂ ಮಾತಾಡುವುದಿಲ್ಲ, ಅದು ಬೇರೆ ವಿಷಯ. ಮೇಸ್ತ್ರಿ ನನ್ನನ್ನು ಮೌನಗೌರಿ ಎಂದು ಕರೆಯುತ್ತಾರೆ.

ಹೋದ ವರ್ಷ ಯಾರೋ ಒಬ್ಬರು ಮೊಣಕೈ ಉದ್ದದ ರಿಮೋಟ್ ಕಾರೊಂದನ್ನು ತಂದು ಮೇಜಿನ ಮೇಲಿಟ್ಟರು. ಮೋಟಾರು ಸತ್ತಿತ್ತು. "ಆಟದ ಸಾಮಾನು ನಾವು ಮುಟ್ಟಲ್ಲ ಸ್ವಾಮಿ" ಎಂದರು ಮೇಸ್ತ್ರಿ. ನಾನು ಅಷ್ಟರಲ್ಲಿ ಮುಟ್ಟಿಯಾಗಿತ್ತು. ಮೇಲಿನ ಕವಚ ತೆಗೆದರೆ ಒಳಗೆ ನಿಜವಾದ ಕಾರಿನಲ್ಲಿ ಇರುವುದೆಲ್ಲ ಇತ್ತು. ಗೇರು, ನಾಲ್ಕು ಚಕ್ರಕ್ಕೂ ಹೋಗುವ ಕಡ್ಡಿ, ಎಣ್ಣೆ ತುಂಬಿದ ಪುಟಾಣಿ ಶಾಕ್ ಅಬ್ಸಾರ್ಬರುಗಳು. ಎಲ್ಲವೂ ಸ್ಕ್ರೂ. ಅಂಟು ಹಾಕಿ ಬಾಯಿ ಮುಚ್ಚಿಸಿದ್ದು ಒಂದೂ ಇಲ್ಲ. ಕೆಟ್ಟರೆ ಬಿಚ್ಚಿ ಸರಿಮಾಡುವವರು ಇದ್ದೇ ಇರುತ್ತಾರೆ ಎಂದು ನಂಬಿ ಮಾಡಿದ ವಸ್ತು ಅದು. ಊಟದ ಬಿಡುವಿನಲ್ಲಿ ಅದರ ಮೋಟಾರನ್ನು ಸುತ್ತಿಕೊಟ್ಟೆ. ಸರಿಯಾಯಿತೋ ನೋಡಲು ಶೆಡ್ಡಿನ ಮುಂದೆ ಅರ್ಧ ನಿಮಿಷ ಓಡಿಸಿದೆ. ಆ ಅರ್ಧ ನಿಮಿಷದಿಂದ ನನಗೆ ಅಂಥದೇ ಒಂದು ಕಾರು ಬೇಕಾಗಿತ್ತು. ನನಗೆ, ನನ್ನ ಕೈಗೆ, ನನ್ನದೇ ಆಗಿ.

ಹನ್ನೊಂದು ತಿಂಗಳು ಕೂಡಿಟ್ಟೆ. ಇರುವುದರಲ್ಲೆಲ್ಲ ಅಗ್ಗದ್ದು ಯಾವುದೆಂದು ಫೋನಿನಲ್ಲಿ ನೋಡಿಕೊಂಡು, ಎರಡು ಬಸ್ಸು ಬದಲಿಸಿ ಅಂಗಡಿಗೆ ಹೋದೆ.

ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು. ಹಿಂದುಗಡೆ ಹಸಿರು ಕಾರ್ಪೆಟ್ ಹಾಸಿ, ರಬ್ಬರ್ ಕೊಳವೆಯ ಅಂಚು ಕಟ್ಟಿ, ಕಾರು ಓಡಿಸಲು ಒಂದು ಟ್ರ್ಯಾಕ್ ಮಾಡಿದ್ದರು. ಮೂರು ಜನ ಗಂಡಸರು ಅಲ್ಲಿ ಕಾರು ಓಡಿಸುತ್ತಿದ್ದರು. ಅವರಲ್ಲಿ ಒಬ್ಬನಿಗೆ ಭಾರಿ ಮೀಸೆ. ಅಂಗಡಿಯವನು ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದ. ಇಪ್ಪತ್ತು ನಿಮಿಷ ಆ ಕನ್ನಡಕ ನನ್ನನ್ನು ನೋಡಿತು, ಅವನು ನೋಡಲಿಲ್ಲ. ಕೊನೆಗೆ ಬಂದ.

"ಯಾರಿಗಮ್ಮಾ? ತಮ್ಮನಿಗಾ?"

"ನನಗೆ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮೂರೇ ಅಕ್ಷರ. ಆ ಮೂವರು ಗಂಡಸರು ತಲೆ ಎತ್ತಿದರು. ನನ್ನ ಬಾಯಿಂದ ಬಂದದ್ದು "ಹೂಂ."

"ಎಷ್ಟು ವಯಸ್ಸು?"

"ಹನ್ನೆರಡು." ಎಲ್ಲಿಂದ ಬಂತೋ ಹನ್ನೆರಡು!

"ಹನ್ನೆರಡಾದ್ರೆ ಇದು ಸಾಕು ನೋಡು. ಲೈಟ್ ಉರಿಯುತ್ತೆ, ಹಾಡು ಹೇಳುತ್ತೆ."

ನಾನು ಹಾಡು ಹೇಳದ ಕಾರನ್ನು ಬೆರಳಿನಿಂದ ತೋರಿಸಿದೆ.

"ಅದು ಆಟಿಕೆ ಅಲ್ಲಮ್ಮ. ಹಾಬಿ ಕಾರು. ಒಂದೊಂದು ಪಾರ್ಟೂ ಬಿಚ್ಚಬಹುದು, ಒಂದೊಂದು ಪಾರ್ಟೂ ನನ್ನತ್ರ ಸಿಗುತ್ತೆ. ಆದ್ರೆ ಬಿಚ್ಚೋಕೆ ಬರ್ಬೇಕಲ್ಲ? ನಿನ್ನ ತಮ್ಮನಿಗೆ ಸ್ಕ್ರೂ ಡ್ರೈವರ್ ಹಿಡಿಯೋಕೆ ಬರುತ್ತಾ?"

ನನ್ನ ಕೈ ಗಾಜಿನ ಮೇಲೆ ಅವನ ಮುಂದೆಯೇ ಇತ್ತು. ಉಗುರಿನ ಸಂದಿಯಲ್ಲಿ ಮೋಟಾರಿನ ವಾರ್ನಿಷ್, ಹೆಬ್ಬೆರಳಿನಲ್ಲಿ ತಂತಿ ಕೊರೆದ ಗೆರೆ. ನೋಡುವ ಕಣ್ಣಿದ್ದರೆ ನೋಡಬಹುದಿತ್ತು. ಕಣ್ಣು ಕೊರಳಲ್ಲಿ ನೇತಾಡುತ್ತಿತ್ತು.

ಬೆಲೆ ನಾನು ನೋಡಿಕೊಂಡು ಹೋದದ್ದೇ. ಆದರೆ ಬ್ಯಾಟರಿಗೆ ಬೇರೆ ದುಡ್ಡು, ಚಾರ್ಜರಿಗೆ ಬೇರೆ ದುಡ್ಡು ಅಂದ. ಪೆಟ್ಟಿಗೆಯ ಮೇಲೆ ಬೆರಳುದ್ದದ ಅಕ್ಷರದಲ್ಲಿ 'ಓಡಲು ರೆಡಿ' ಎಂದು ಬರೆದಿತ್ತು. ನಾನು ಎಲ್ಲ ಧೈರ್ಯ ಒಟ್ಟುಮಾಡಿ ಕೇಳಿದೆ, "ಓಡೋಕೆ ರೆಡಿ ಅಂತ ಬರ್ದಿದೆಯಲ್ಲ?"

"ಕಾರು ರೆಡಿನೇ ಇದೆಯಮ್ಮ. ಬ್ಯಾಟರಿನೂ ರೆಡಿ ಅಂತ ಎಲ್ಲಿ ಬರ್ದಿದೆ, ತೋರ್ಸು?"

ಮೀಸೆಯವನು ನಕ್ಕ. ಉಳಿದಿಬ್ಬರೂ ನಕ್ಕರು. ಹನ್ನೊಂದು ತಿಂಗಳು ನಾನು ಕೂಡಿಟ್ಟದ್ದೆಲ್ಲ ಸೇರಿ ಅವರಿಗೆ ಒಂದು ನಗೆಯಾಯಿತು. ಬ್ಯಾಟರಿ, ಚಾರ್ಜರಿಗೆ ನನ್ನ ಹತ್ತಿರ ದುಡ್ಡು ಇರಲಿಲ್ಲ. ವಾಪಸ್ ಹೊರಡಲು ಚೀಲ ಎತ್ತಿಕೊಂಡೆ.

"ನಿಲ್ಲಮ್ಮ, ನಿಲ್ಲು. ಬೇಜಾರಾಗ್ಬೇಡ. ತಮ್ಮನಿಗೆ ಅಂತ ಪ್ರೀತಿಯಿಂದ ಬಂದಿದೀಯ. ಒಳಗೆ ಇದೇ ಮಾಡೆಲ್ಲು ಒಂದೇ ಒಂದು ಪೀಸ್ ಇದೆ. ಹೊಸದೇ. ನಿನಗೋಸ್ಕರ ಕಡಿಮೆ ಮಾಡ್ತೀನಿ."

ಒಳಗೆ ಹೋದವನು ಬಂದಾಗ ಪೆಟ್ಟಿಗೆಗೆ ಬಲೂನಿನ ಚಿತ್ರದ ಹಳದಿ ಕಾಗದ ಸುತ್ತಿತ್ತು, ಮೇಲೊಂದು ರಿಬ್ಬನ್ನು. "ಪ್ಯಾಕಿಂಗ್ ನನ್ನ ಕಡೆಯಿಂದ. ತಮ್ಮ ಬಿಚ್ಚುವಾಗ ಖುಷಿಪಡ್ಲಿ." ವಾರಂಟಿ ಕಾರ್ಡಿನಲ್ಲಿ ಬಳಸುವವರ ಹೆಸರು ಎಂಬಲ್ಲಿ ತಾನೇ 'ತಮ್ಮ' ಎಂದು ಬರೆದ. ಬ್ಯಾಟರಿ, ಚಾರ್ಜರು ಸೇರಿ ಇದ್ದ ದುಡ್ಡಿಗೆ ಸರಿಹೋಯಿತು, ಎರಡು ಬಸ್ಸಿನಲ್ಲಿ ಒಂದರ ಚೀಟಿಗೆ ಮಾತ್ರ ಉಳಿಯಿತು. ಇನ್ನೊಂದರ ದಾರಿಯನ್ನು ನಡೆದೆ. ನಡೆಯುವಾಗ ಅವನು ಪರವಾಗಿಲ್ಲ, ಒಳ್ಳೆಯವನೇ ಎಂದುಕೊಂಡೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು. "ಯಾರಿಗೇ ಗಿಫ್ಟು?" ಎಂದಳು. ನಡೆದದ್ದು ಹೇಳಿದೆ.

"ತಮ್ಮಾ? ನಿನಗೆ ತಮ್ಮ ಯಾವಾಗ ಹುಟ್ಟಿದ? ನನಗೇ ಗೊತ್ತಾಗ್ಲಿಲ್ಲವಲ್ಲೇ!" ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ. ನೀನು ಕಾರೇ ಕೊಡಿಸಿದೀಯ. ಹನ್ನೆರಡು ವರ್ಷ ಸಾಕಿದೀನಿ ಅವನ್ನ, ಒಂದು ದಿನ ನೀರು ತಂದುಕೊಟ್ಟಿಲ್ಲ ಹಾಳಾದೋನು."

ಕಾಗದ ಬಿಚ್ಚಿದೆ. ಪೆಟ್ಟಿಗೆಯ ಬಾಯಿಯ ಮೊಹರನ್ನು ಯಾರೋ ಕುಯ್ದು, ಮೇಲೆ ಬೇರೆ ಟೇಪು ಅಂಟಿಸಿದ್ದರು. ಆದರೂ ಬ್ಯಾಟರಿ ಚಾರ್ಜು ಮಾಡಿ, ನಮ್ಮ ಮನೆಯ ಮುಂದಿನ ಸಿಮೆಂಟಿನ ಜಗಲಿಗೆ ತಂದು ಗುಂಡಿ ಒತ್ತಿದೆ.

ಕಾರು ಓಡಿತು. ಓಡುವಾಗ ಕರ್ ಕರ್ ಎಂದು ಹಲ್ಲು ಕಡಿಯಿತು. ಮೋಟಾರಿನ ಸದ್ದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತು ನಿಮಿಷಕ್ಕೆ ನಿಲ್ಲಿಸಿ, ಬಿಚ್ಚಿದೆ.

ದೊಡ್ಡ ಗೇರಿನಲ್ಲಿ ಎರಡು ಹಲ್ಲು ಇರಲಿಲ್ಲ. ಮೋಟಾರಿನ ಕಿಂಡಿಯಲ್ಲಿ ಟಾರ್ಚು ಬಿಟ್ಟು ನೋಡಿದರೆ ಒಳಗೆ ಉಜ್ಜುತ್ತಾ ಕರೆಂಟು ದಾಟಿಸುವ ಕಾರ್ಬನ್ ತುಂಡು ಅರ್ಧಕ್ಕರ್ಧ ಸವೆದಿತ್ತು. ಮಿಕ್ಸಿಯಲ್ಲಿ ಕಾರ್ಬನ್ ಅಷ್ಟು ಸವೆಯಲು ವರ್ಷ ಬೇಕು. ಇದನ್ನು ತಿಂಗಳುಗಟ್ಟಲೆಯಾದರೂ ಓಡಿಸಿರಬೇಕು. ಹತ್ತು ನಿಮಿಷದಲ್ಲಿ ಆಗುವುದಿಲ್ಲ. ಹಿಂದಿನ ಚಕ್ರದ ಬೇರಿಂಗಿನ ಒಳಗೆ ಏನೋ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದರೆ ಎಳೆ ಎಳೆಯಾಗಿ ಬಂತು, ಹಸಿರು ನೂಲು.

ಅಮ್ಮ ಅದನ್ನು ಬೆರಳಲ್ಲಿ ಹೊಸೆದಳು. ಕಡ್ಡಿ ಗೀರಿ ತುದಿಗೆ ಹಿಡಿದಳು. ಬೂದಿಯಾಗದೆ ಕರಗಿ ಮಣಿಯಾಯಿತು. "ಹತ್ತಿ ಅಲ್ಲ, ನೈಲಾನು. ಬಟ್ಟೆಗೆ ಇಷ್ಟು ದಪ್ಪ ನೂಲು ಹಾಕಲ್ಲ. ಕಾರ್ಪೆಟ್ಟಿಂದು" ಎಂದಳು.

ನಮ್ಮ ಮನೆಯಲ್ಲಿ ಕಾರ್ಪೆಟ್ ಇಲ್ಲ. ಇರುವುದು ಎಲ್ಲಿ ಎಂದು ನನಗೆ ಗೊತ್ತಿತ್ತು. ಅಂಗಡಿಯ ಟ್ರ್ಯಾಕಿನಲ್ಲಿ ಬಂದವರಿಗೆಲ್ಲ ಓಡಿಸಿ ತೋರಿಸಿ, ಹಲ್ಲು ಉದುರಿದ ಮೇಲೆ ಹೊಸ ಕವಚ ತೊಡಿಸಿ, ಬಲೂನು ಸುತ್ತಿ, ಪ್ರೀತಿಯ ಅಕ್ಕನ ಕೈಗೆ ಇಟ್ಟಿದ್ದ. ಆ ಕಾಗದ ತಮ್ಮನ ಖುಷಿಗಲ್ಲ, ಪೆಟ್ಟಿಗೆಯ ಕುಯ್ದ ಬಾಯಿ ಮುಚ್ಚುವುದಕ್ಕೆ.

"ಅಮ್ಮಾ, ನೀನೂ ಬಾ."

"ನಾನ್ಯಾಕೆ ಬರ್ಲಿ? ತಮ್ಮನ್ನ ಹುಟ್ಟಿಸಿದವಳು ನೀನು. ನೀನೇ ಹೋಗು."

ಭಾನುವಾರ ಬೆಳಿಗ್ಗೆ ಹೋದೆ. ಅದೇ ಮೂವರು ಟ್ರ್ಯಾಕಿನ ಪಕ್ಕ ಇದ್ದರು. ಕಾರನ್ನು ಗಾಜಿನ ಮೇಲಿಟ್ಟು, "ಗೇರ್ ಹಲ್ಲು ಹೋಗಿದೆ" ಎಂದೆ.

ಅವನು ಕಾರನ್ನು ತಿರುಗಿಸಿಯೂ ನೋಡಲಿಲ್ಲ. "ನಿನ್ನ ತಮ್ಮ ಗೋಡೆಗೆ ಗುದ್ದಿಸಿರ್ತಾನೆ. ಹುಡುಗ್ರು ಅಂದ್ರೆ ಹಾಗೇ. ಮನೆಗೆ ಹೋಗಿ ಅವನ ಕಿವಿ ಹಿಂಡಿ ಕೇಳು, ಬಾಯಿ ಬಿಡ್ತಾನೆ."

ವಿಚಿತ್ರವೆಂದರೆ ನನಗೆ ಮೊದಲು ಸಿಟ್ಟು ಬಂದದ್ದು ಆ ತಮ್ಮನ ಪರವಾಗಿ. ನನ್ನ ತಮ್ಮ ಅಂಥವನಲ್ಲ ಎಂದು ಹೇಳಲು ಬಾಯಿ ತೆರೆದೇಬಿಟ್ಟೆ! ಹುಟ್ಟದ ಹುಡುಗನ ತಲೆಗೂ ತಪ್ಪು ಕಟ್ಟುತ್ತಾನಲ್ಲ ಇವನು. ತೆರೆದ ಬಾಯಿಯನ್ನು ಮತ್ತೆ ಮುಚ್ಚಲಿಲ್ಲ.

"ನನಗೆ ತಮ್ಮ ಇಲ್ಲ."

"ಮೊನ್ನೆ ಇದ್ನಲ್ಲ?"

"ಮೊನ್ನೆನೂ ಇರ್ಲಿಲ್ಲ. ಕಾರು ನಂದು. ನನಗೇ ತಗೊಂಡಿದ್ದು, ನಾನೇ ಓಡಿಸಿದ್ದು."

ಟ್ರ್ಯಾಕಿನ ಕಾರುಗಳು ನಿಂತವು. ಅವನು ಕನ್ನಡಕ ಎತ್ತಿ ಮೂಗಿಗೆ ಏರಿಸಿಕೊಂಡ. ಮೊದಲ ಸಲ ನನ್ನನ್ನು ನೋಡಿದ. "ಅಂದ್ರೆ ಸುಳ್ಳು ಹೇಳ್ದೆ. ಸುಳ್ಳು ಹೇಳ್ದೋಳು ನೀನು, ಈಗ ಕಾರು ಕೆಟ್ಟಿತ್ತು ಅಂದ್ರೆ ನಾನು ಯಾಕೆ ನಂಬ್ಲಿ?"

ಸುಳ್ಳು ಹೇಳಿದ್ದು ನಿಜ. ಆದರೆ ಪ್ರಶ್ನೆಯ ಒಳಗೇ ಉತ್ತರ ಇಟ್ಟು ಕೇಳಿದವನು ಯಾರು? ಮಾತಿನಲ್ಲಿ ಅವನನ್ನು ಗೆಲ್ಲಲು ನನ್ನಿಂದಾಗದು. ಹಾಗಾಗಿ ಚೀಲದಿಂದ ಸ್ಕ್ರೂ ಡ್ರೈವರ್ ತೆಗೆದು, ಟ್ರ್ಯಾಕಿನ ಅಂಚಿನಲ್ಲಿ ನೆಲದ ಮೇಲೆ ಕೂತು, ಕಾರನ್ನು ಬಿಚ್ಚಿದೆ. ಕವಚ, ಗೇರಿನ ಮುಚ್ಚಳ, ಗೇರು, ಮೋಟಾರು, ಚಕ್ರ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಸಾಲಿನಲ್ಲೇ ಜೋಡಿಸಿದೆ. ಏಳು ವರ್ಷದಿಂದ ಹಾಗೇ ಜೋಡಿಸುವುದು.

"ಇದು ಕಾರ್ಬನ್. ಹತ್ತು ನಿಮಿಷಕ್ಕೆ ಇಷ್ಟು ಸವೆಯಲ್ಲ" ಎಂದು ಮೋಟಾರನ್ನು ಮೀಸೆಯವನ ಕೈಗೆ ಕೊಟ್ಟೆ. ಆಮೇಲೆ ಕಾಗದದ ಪೊಟ್ಟಣ ಬಿಡಿಸಿ, ಬೇರಿಂಗಿನಲ್ಲಿ ಸಿಕ್ಕಿದ ನೂಲನ್ನು ಕಾರ್ಪೆಟ್ಟಿನ ಮೇಲೆ ಹಾಕಿದೆ. ಹಾಕಿದ ನೂಲು ಎಲ್ಲಿದೆ ಎಂದು ಹುಡುಕಿದರೂ ಕಾಣಲಿಲ್ಲ. ಹಸಿರಿನಲ್ಲಿ ಹಸಿರು ಸೇರಿಹೋಯಿತು.

ಮೀಸೆಯವನು ಬಗ್ಗಿ ಕಾರಿನ ಅಡಿ ನೋಡಿದ. "ಏನಯ್ಯಾ, ಇದು ನಾವೆಲ್ಲ ಓಡಿಸ್ತಿದ್ದ ಡೆಮೊ ಕಾರಲ್ವೇನೋ? ಈ ಗೀರು ನಾನೇ ಹಾಕಿದ್ದು. ಅಂಗಿ ಮಾತ್ರ ಹೊಸದು ಹಾಕಿದೀಯ!"

ಕನ್ನಡಕದವನ ಮುಖ ಇಳಿಯಿತು. "ಗೋಡೌನಲ್ಲಿ ಅದಲುಬದಲಾಗಿರ್ಬೇಕು" ಎಂದ. ನಾನು ಬಿಚ್ಚಿಟ್ಟದ್ದಕ್ಕಲ್ಲ, ಮೀಸೆ ಹೇಳಿದ್ದಕ್ಕೆ ಬಗ್ಗಿದ. ಮೊನ್ನೆ ನಕ್ಕ ಅದೇ ಮೀಸೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

"ಸರಿ, ಹೊಸದೇ ಕೊಡ್ತೀನಿ. ಆದ್ರೆ ಹೊಸದಕ್ಕೆ ಪೂರ್ತಿ ರೇಟಮ್ಮ. ಕಡಿಮೆ ಮಾಡಿದ್ದು ಕಟ್ಟಬೇಕಾಗುತ್ತೆ."

"ಮೊನ್ನೆ ಇದೇ ಹೊಸದು ಅಂದ್ರಲ್ಲ?"

ಮೀಸೆಯವನು ಕೆಮ್ಮಿದ.

"ಹೊಸ ಕಾರು ಬೇಡ" ಎಂದೆ. "ಒಂದೊಂದು ಪಾರ್ಟೂ ನನ್ನತ್ರ ಸಿಗುತ್ತೆ ಅಂದ್ರಿ. ಕೊಡಿ. ದೊಡ್ಡ ಗೇರು, ಅದಕ್ಕೆ ಕೂಡೋ ಚಿಕ್ಕ ಗೇರು, ಮೋಟಾರು, ಹಿಂದಿನ ಚಕ್ರದ ಎರಡು ಬೇರಿಂಗು. ದುಡ್ಡಿಲ್ದೆ. ಈಗ."

ಇಷ್ಟು ಮಾತನ್ನು ನಾನು ಹಿಂದೆ ಯಾವತ್ತಾದರೂ ಒಟ್ಟಿಗೆ ಆಡಿದ್ದು ನನಗೇ ನೆನಪಿಲ್ಲ. ಅವನು ಗೊಣಗುತ್ತಾ ಒಳಗೆ ಹೋಗಿ ಪೊಟ್ಟಣಗಳನ್ನು ತಂದು ಗಾಜಿನ ಮೇಲೆ ಎಸೆದ. "ಫಿಟ್ಟಿಂಗ್ ಹುಡುಗ ನಾಳೆ ಬರ್ತಾನೆ. ಬಿಟ್ಟುಹೋಗು."

ಬಿಟ್ಟುಹೋಗುವುದೆ? ಅಲ್ಲೇ ಕೂತು ಹಾಕಿದೆ. ಎರಡು ಗೇರಿನ ನಡುವೆ ಒಂದು ಕಾಗದದ ಚೂರು ತುರುಕಿ, ಮೋಟಾರನ್ನು ಅದರ ಮೇಲೆ ಒತ್ತಿ ಬಿಗಿ ಮಾಡಿ, ಆಮೇಲೆ ಕಾಗದ ಎಳೆದುಕೊಂಡರೆ ಹಲ್ಲಿಗೆ ಹಲ್ಲು ಬೇಕಾದಷ್ಟೇ ಸಂದು ಉಳಿಯುತ್ತದೆ. ಆ ಕಾಗದದ ಚೂರು ನೂಲು ಕಟ್ಟಿ ತಂದಿದ್ದ ಬಲೂನಿನ ಹಳದಿ ಕಾಗದದ್ದು. ಅದಾದರೂ ಕೆಲಸಕ್ಕೆ ಬಂತು.

"ಗಟ್ಟಿಗಿತ್ತಿ ಇದಾಳೆ ಕಣಯ್ಯಾ" ಎಂದ ಮೀಸೆಯವನು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ಕೊನೆಯ ಸ್ಕ್ರೂ ಬಿಗಿದು ಎದ್ದೆ. ವಾರಂಟಿ ಕಾರ್ಡನ್ನು ಗಾಜಿನ ಮೇಲಿಟ್ಟು, ಅವನ ಪೆನ್ನು ತೆಗೆದುಕೊಂಡು, 'ತಮ್ಮ' ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ. ಅವನು ಕನ್ನಡಕದ ಮೇಲಿನಿಂದ ಓದಿದ.

"ಮೊದಲೇ ಹೇಳಿದ್ರೆ ಪಿಂಕ್ ಬಾಡಿ ಇತ್ತಲ್ಲಮ್ಮ" ಎಂದ.

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ಪೆನ್ನನ್ನು ಅಲ್ಲೇ ಇಟ್ಟೆ. ಮನೆಗೆ ಹೋಗಿ ಓಡಿಸೋಣ ಎಂದುಕೊಂಡಿದ್ದವಳು, ಯಾರನ್ನೂ ಕೇಳದೆ ಕಾರನ್ನು ಹಸಿರು ಕಾರ್ಪೆಟ್ಟಿನ ಮೇಲೆ ಇಳಿಸಿ ಗುಂಡಿ ಒತ್ತಿದೆ.

ಕರ್ ಕರ್ ಇಲ್ಲ. ಒಂದೇ ಸಮನೆ ಸುಯ್ ಎನ್ನುವ ಸದ್ದು. ಮೊದಲ ತಿರುವಿನಲ್ಲಿ ರಬ್ಬರ್ ಕೊಳವೆಗೆ ತಾಗಿತು, ಎರಡನೆಯದರಲ್ಲಿ ತಾಗಲಿಲ್ಲ. ಒಂದು ಸುತ್ತು. ಎರಡು. ಮೂವರೂ ಹಿಂದೆ ಸರಿದು ಜಾಗ ಬಿಟ್ಟರು. ಒಂಬತ್ತು. ಹತ್ತು.

"ಏನಮ್ಮಾ, ಸಾಕಲ್ವಾ? ಇವ್ರೆಲ್ಲ ಕಾಯ್ತಿದಾರೆ" ಎಂದು ಅಂಗಡಿಯವನು ಕೂಗಿದ. ಮತ್ತೆ ಕೂಗಿದ.

ಹದಿನಾಲ್ಕು. ಹದಿನೈದು. ಸುತ್ತು ಎಣಿಸುವಾಗ ನಾನು ಮಾತಾಡುವುದಿಲ್ಲ.